ಹಳದಿ ಸ್ಟಿಕ್ಕರಿನ ಕೆಳಗಿನ ನಂಬರು

ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಗಾಡಿ ತೂಗುವ ಯಾವ ವೇಬ್ರಿಡ್ಜಿಗೆ ಹೋದರೂ ಅಲ್ಲಿನ ಮಾನಿಟರಿನ ಬಲಮೂಲೆಯಲ್ಲಿ ಒಂದು ಹಳದಿ ಸ್ಟಿಕ್ಕರ್ ಇರುತ್ತಿತ್ತು. ಅದು ನನ್ನದು. ಅಂಗಡಿಯ ಹೆಸರು, ಕೆಳಗೆ ಹೊಳೆನರಸೀಪುರ, ಅದರ ಕೆಳಗೆ ನನ್ನ ಮೊಬೈಲ್ ನಂಬರು. ದೇವರ ಪಟ ಹಾಕಿಸಿರಲಿಲ್ಲ, ಬಣ್ಣದ ಹೂವು ಬಳ್ಳಿ ಹಾಕಿಸಿರಲಿಲ್ಲ. ಕೆಟ್ಟಾಗ ಕಣ್ಣಿಗೆ ಬೀಳಬೇಕಾದದ್ದು ನಂಬರು ಮಾತ್ರ ಎಂದು ಪ್ರೆಸ್ಸಿನವನಿಗೆ ಹೇಳಿದ್ದೆ.

ಆ ಮೂಲೆಯನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೆ. ಲಾರಿ, ಟ್ರ್ಯಾಕ್ಟರ್ ತೂಗುವ ಸಾಫ್ಟ್‌ವೇರನ್ನು ಬೆಂಗಳೂರಿನ ಒಂದು ಕಂಪನಿ ಮಾರುತ್ತಿತ್ತು. ಅದರ ಡಬ್ಬಿಯೊಳಗೆ ಕಂಪನಿಯ ಸಹಾಯವಾಣಿಯ ನಂಬರಿದ್ದ ಒಂದು ನೀಲಿ ಚೀಟಿಯೂ ಬರುತ್ತಿತ್ತು. ವೇಬ್ರಿಡ್ಜಿನ ಮಾಲೀಕರು ಅದನ್ನು ಬಹಳ ಭಕ್ತಿಯಿಂದ ಮಾನಿಟರಿಗೆ ಅಂಟಿಸಿರುತ್ತಿದ್ದರು. ನಾನು ಅದರ ಮೇಲೆ, ನೀಲಿ ಒಂದು ಎಳೆಯೂ ಕಾಣದ ಹಾಗೆ, ನನ್ನ ಹಳದಿ ಅಂಟಿಸುತ್ತಿದ್ದೆ. ಇದರಲ್ಲಿ ಕಳ್ಳತನ ಏನೂ ಇಲ್ಲ. ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವವನು, ಫ್ರಿಜ್ಜಿಗೆ ಗ್ಯಾಸ್ ತುಂಬುವವನು, ನಮ್ಮ ಕಡೆಯ ರಿಪೇರಿಯವರೆಲ್ಲ ಮಾಡುವುದು ಹೀಗೇ. ಮಿಷಿನ್ನು ಯಾರದಾದರೂ ಇರಲಿ, ಕೆಟ್ಟಾಗ ಬಂದು ನಿಲ್ಲುವವನು ನಾನು. ಮೇಲಿರಬೇಕಾದ ನಂಬರೂ ನನ್ನದೇ.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಪ್ಪ ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅವನ ಬೆನ್ನು ಹೋದಾಗ ನಾನು ಚನ್ನರಾಯಪಟ್ಟಣದಲ್ಲಿ ಒಂದು ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಸೇರಿದೆ. ಅಲ್ಲಿ ಬೆಸುಗೆ ಹಾಕುವುದು ಕಲಿತೆ. ಆಮೇಲೆ ಹಾಸನದಲ್ಲಿ ಕಂಪ್ಯೂಟರ್ ಜೋಡಿಸುವವರ ಹತ್ತಿರ ಇದ್ದೆ. ಇಂಗ್ಲಿಷನ್ನು ನಾನು ಕಲಿತದ್ದು ಕಂಪ್ಯೂಟರಿನ ಬೈಗುಳಗಳಿಂದ. ಅದು ಕೆಟ್ಟಾಗ ಪರದೆಯ ಮೇಲೆ ಏನು ಬರೆಯುತ್ತದೋ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಡಿಕ್ಷನರಿ ನೋಡಿ, ಯಾಕೆ ಬೈಯುತ್ತಿದೆ ಎಂದು ತಿಳಿದುಕೊಳ್ಳುತ್ತಿದ್ದೆ. ಯಾರ ಹಂಗಿನಲ್ಲೂ ಕಲಿಯಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸ್ವಂತ ಅಂಗಡಿ ಇಟ್ಟ ಮೇಲೆ ವೇಬ್ರಿಡ್ಜುಗಳ ಕೆಲಸ ಹತ್ತಿಕೊಂಡಿತು. ಆಗ ಎಲ್ಲ ಕಡೆಯೂ ಕದ್ದ ವಿಂಡೋಸ್. ಮಾಲೀಕರ ಮಕ್ಕಳು ಅದರಲ್ಲೇ ಸಿನಿಮಾ ನೋಡುವರು, ಪೆನ್ ಡ್ರೈವ್ ಚುಚ್ಚುವರು, ವೈರಸ್ ತುಂಬುವರು. ಜೋಳದ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳು ರಸ್ತೆಯುದ್ದ ನಿಂತಿರುವಾಗ ಕಂಪ್ಯೂಟರ್ ಮಲಗಿಬಿಡುವುದು. ನಾನು ಅವುಗಳಿಗೆಲ್ಲ ಲಿನಕ್ಸ್ ಹಾಕಲು ಶುರುಮಾಡಿದೆ. ಲಿನಕ್ಸ್ ಅಂದರೆ ಬಿಟ್ಟಿ ಸಿಗುವ ಆಪರೇಟಿಂಗ್ ಸಿಸ್ಟಮ್. ಯಾರು ಬೇಕಾದರೂ ಒಳಗೆ ಬಿಚ್ಚಿ ನೋಡಬಹುದು, ತಿದ್ದಿಕೊಳ್ಳಬಹುದು. ಅದರಲ್ಲಿ ಒಂದೇ ಅಲ್ಲ, ಹಲವು ಬಗೆ ಇವೆ. ಒಂದೇ ಬಿತ್ತನೆಯಿಂದ ಬಂದು ಬೇರೆ ಬೇರೆ ಹೊಲದಲ್ಲಿ ಬೆಳೆದ ಪೈರಿನ ಹಾಗೆ. ಕೆಲವಕ್ಕೆ ದೊಡ್ಡ ಕಂಪನಿಗಳು ಹಿಂದೆ ನಿಂತಿರುತ್ತವೆ. ಕೆಲವನ್ನು ಪ್ರಪಂಚದ ಎಲ್ಲೆಲ್ಲೋ ಕೂತ ಜನ ಸಂಬಳವಿಲ್ಲದೆ, ಹಟದಿಂದ ನೋಡಿಕೊಳ್ಳುತ್ತಾರೆ. ನಾನು ಹಿಡಿದದ್ದು ಈ ಎರಡನೆಯ ಜಾತಿಯದು. ಹಳೆಯ ಮಿಷಿನ್ನಿನಲ್ಲೂ ಓಡುತ್ತಿತ್ತು, ತಿಂಗಳುಗಟ್ಟಲೆ ಆರಿಸದೆ ಬಿಟ್ಟರೂ ಕೆಮ್ಮುತ್ತಿರಲಿಲ್ಲ. ತೂಕದ ಕಂಪನಿಯವರೂ ಆಗ ತಮ್ಮ ಡಬ್ಬಿಯ ಮೇಲೆ ಯಾವ ಲಿನಕ್ಸಿನಲ್ಲಾದರೂ ನಡೆಯುತ್ತದೆ ಎಂದು ಅಚ್ಚು ಹಾಕಿಸಿದ್ದರು. ಆ ಮಾತನ್ನು ನಂಬಿ ನಾನು ನಾಲ್ಕು ತಾಲ್ಲೂಕಿನಲ್ಲಿ ಮಾತು ಕೊಟ್ಟೆ.

ಎಲ್ಲಕ್ಕಿಂತ ಗಟ್ಟಿಯಾಗಿ ಮಾತು ಕೊಟ್ಟದ್ದು ಮಲ್ಲಿಪಟ್ಟಣದ ವೇಬ್ರಿಡ್ಜಿನ ಅಕ್ಕನಿಗೆ.

ಆಕೆ ಜಮೀನುದಾರ ಮನೆತನದವಳು. ಗಂಡ ರಸ್ತೆಯ ಪಕ್ಕದ ತಮ್ಮ ಜಾಗದಲ್ಲಿ ವೇಬ್ರಿಡ್ಜ್ ಹಾಕಿಸಿ, ಅದು ಓಡಲು ಶುರುವಾದ ವರ್ಷವೇ ತೀರಿಕೊಂಡ. ಮೈದುನಂದಿರು ಮಾರಿಬಿಡು ಎಂದರು. ಆಕೆ ಮಾರಲಿಲ್ಲ, ತಾನೇ ಬಂದು ಆ ತಗಡಿನ ಕೋಣೆಯಲ್ಲಿ ಕುಳಿತಳು. ಮೌಸು ಹಿಡಿಯಲು ಬಾರದು, ಇಂಗ್ಲಿಷ್ ಬಾರದು. ನಾನು ಆಕೆಗಾಗಿ ಪರದೆಯ ಮೇಲಿನ ಮಾತುಗಳನ್ನೆಲ್ಲ ಕನ್ನಡ ಮಾಡಿದೆ. ಚೀಟಿಯನ್ನೂ ಕನ್ನಡ ಮಾಡಿದೆ. ತುಂಬಿದ ತೂಕ, ಖಾಲಿ ತೂಕ, ಮಾಲಿನ ತೂಕ. ರೈತರು ಆ ಚೀಟಿಯನ್ನು ಕೈಯಲ್ಲಿ ಹಿಡಿದು ತಾವೇ ಓದಿಕೊಳ್ಳುತ್ತಿದ್ದರು. ಬೇರೆ ಕಡೆ ತೂಗಿಸಿ ಅನುಮಾನ ಬಂದವರು ಮತ್ತೊಮ್ಮೆ ಮಲ್ಲಿಪಟ್ಟಣಕ್ಕೆ ಬಂದು ತೂಗಿಸುತ್ತಿದ್ದದ್ದೂ ಉಂಟು. ಆಕೆ ದಿನಾ ಬೆಳಿಗ್ಗೆ ಮೊದಲು ತಮ್ಮ ಮನೆಯ ಟ್ರ್ಯಾಕ್ಟರನ್ನೇ ಕಬ್ಬಿಣದ ಹಾಸಿನ ಮೇಲೆ ಹತ್ತಿಸಿ, ನಿನ್ನೆಯ ತೂಕವೇ ಬಂತೆಂದು ನೋಡಿ, ಆಮೇಲೆಯೇ ಬಾಡಿಗೆ ಗಾಡಿ ಕರೆಯುತ್ತಿದ್ದಳು.

ನನ್ನ ಅಪ್ಪನಾಗಿದ್ದರೆ ಆ ಮನೆಯವರನ್ನು ಗೇಟಿನ ಆಚೆ ನಿಂತು ಅವ್ವಾರೇ ಎಂದು ಕರೆಯಬೇಕಿತ್ತು. ನಾನು ಅಕ್ಕ ಎಂದೆ. ಆಕೆ ಅಣ್ಣ ಎಂದಳು. ಮೊದಲ ಸಲ ಹೋದಾಗ, ಎಲ್ಲರೂ ಕೇಳುವ ಹಾಗೆ, ಯಾವ ಕಡೆಯವರು ನೀವು ಎಂದು ಆಕೆಯೂ ಕೇಳಿದ್ದಳು. ಚನ್ನರಾಯಪಟ್ಟಣದ ಅಂಗಡಿಯ ಯಜಮಾನ ನನಗೆ ಬಹಳ ಹಿಂದೆಯೇ ಬುದ್ಧಿ ಹೇಳಿದ್ದ, ಏನೋ ಒಂದು ಹೇಳಿಬಿಡು, ಕಸುಬು ನಡೆಯಬೇಕಲ್ಲ ಎಂದು. ನಾನು ಒಂದು ದಿನವೂ ಏನೋ ಒಂದನ್ನು ಹೇಳಿದವನಲ್ಲ. ಇದ್ದದ್ದನ್ನೇ ಹೇಳಿದೆ. ಕೆಲವು ಕಡೆ ಕೆಲಸ ಸಿಗಲಿಲ್ಲ. ಅಕ್ಕನ ಕಡೆ ಸಿಕ್ಕಿತು, ಟೀ ಮಾತ್ರ ಪೇಪರ್ ಲೋಟದಲ್ಲಿ ಬಂತು. ಆಮೇಲೆ ಊರಿಗೆಲ್ಲ ಪೇಪರ್ ಲೋಟ ಬಂದು, ಎಲ್ಲರಿಗೂ ಅದರಲ್ಲೇ ಕೊಡುವುದು ರೂಢಿಯಾದ ಮೇಲೆ, ಯಾರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ಆ ಒಂದು ದಾರಿಯೂ ಮುಚ್ಚಿಹೋಯಿತು.

ಇರಲಿ. ಆಕೆಗೆ ನಾನು ಹೇಳಿದ್ದು ಇಷ್ಟು: ನಾನು ಇರುವವರೆಗೆ ನಿಮ್ಮ ಪರದೆ ಕನ್ನಡದಲ್ಲೇ ಇರುತ್ತದೆ, ಬೇರೆ ಯಾರೂ ಬಂದು ಇದನ್ನು ಮುಟ್ಟಬೇಕಾಗಿಲ್ಲ.

ನನ್ನ ಕೆಲಸದ ಕ್ರಮ ಒಂದಿತ್ತು. ತೂಕದ ಕಂಪ್ಯೂಟರಿಗೆ ಇಂಟರ್ನೆಟ್ ಕೊಡುತ್ತಿರಲಿಲ್ಲ. ದೂರದಲ್ಲಿ ಕೂತು ತೂಕ ತಿದ್ದುವ ಕಳ್ಳರ ಕತೆಗಳನ್ನು ರೈತರೂ ಕೇಳಿದ್ದರು, ಹೆದರಿದ್ದರು. ಪೈಪು ಸೋರಿದರೆ ಮೆತ್ತುವ ಅಂಟನ್ನು ಕಲಸಿ, ನೆಟ್ಟಿನ ವೈರು ಚುಚ್ಚುವ ತೂತಿಗೆ ಮೆತ್ತಿಬಿಡುತ್ತಿದ್ದೆ. ಒಣಗಿ ಕಲ್ಲಾಗುತ್ತಿತ್ತು. ರೈತರಿಗೆ ಬೆರಳಿಟ್ಟು ತೋರಿಸುತ್ತಿದ್ದೆ, ನೋಡ್ರಪ್ಪಾ, ಒಳಗೆ ಬರೋಕೆ ಬಾಗಿಲೇ ಇಲ್ಲ ಎಂದು. ಏನಾದರೂ ಕೆಟ್ಟರೆ ಫೋನು ನನಗೆ ಬರುತ್ತಿತ್ತು. ಶಾಂತಿಗ್ರಾಮದಿಂದ ಬಂದರೂ ಸರಿ, ಅರಕಲಗೂಡಿನ ಆಚೆಯಿಂದ ಬಂದರೂ ಸರಿ, ಮೋಟಾರ್ ಸೈಕಲ್ ಹತ್ತುತ್ತಿದ್ದೆ. ಕಂಪನಿಯ ನಂಬರು ಹಳದಿಯ ಕೆಳಗೆ ಮಲಗಿತ್ತು. ಅದು ಯಾರಿಗೂ ಬೇಕಾಗಲಿಲ್ಲ. ಅದೇ ನನ್ನ ಹೆಮ್ಮೆ.

ಈ ನಡುವೆ ಕೋಳಿ ಆಹಾರದ ಫ್ಯಾಕ್ಟರಿಯವರು ಜೋಳ ಕೊಳ್ಳುವ ಪದ್ಧತಿ ಬದಲಾಯಿಸಿದರು. ತೂಕದ ಚೀಟಿಯ ಮೇಲೆ ಗಾಡಿಯ ಫೋಟೋ ಇರಬೇಕು, ಮೊಬೈಲು ಹಿಡಿದರೆ ಓದುವ ಆ ಚೌಕದ ಗುರುತು ಇರಬೇಕು. ಅದಿಲ್ಲದ ಚೀಟಿಯನ್ನು ಮುಂದಿನ ಸುಗ್ಗಿಯಿಂದ ಒಪ್ಪುವುದಿಲ್ಲ ಎಂದರು. ತೂಕದ ಕಂಪನಿಯವರು ಅವೆರಡೂ ಇರುವ ಹೊಸ ಸಾಫ್ಟ್‌ವೇರ್ ತಂದರು. ಹೊಸ ಡಬ್ಬಿಯ ಮೇಲೆ ಹಳೆಯ ಮಾತು ಇರಲಿಲ್ಲ. ವಿಂಡೋಸ್, ಮತ್ತು ಲಿನಕ್ಸಿನಲ್ಲಿ ಒಂದೇ ಒಂದು ಬಗೆಯ ಹೆಸರಿತ್ತು. ಕಂಪನಿ ಹಿಂದಿರುವ ಬಗೆ. ನನ್ನದು ಇರಲಿಲ್ಲ.

ಅಕ್ಕನ ಸಂಪಾದನೆಯೆಲ್ಲ ಜೋಳದ ಸುಗ್ಗಿಯದು. ಹೊಸ ಚೀಟಿ ಬರದಿದ್ದರೆ ಗಾಡಿಗಳು ಮಲ್ಲಿಪಟ್ಟಣ ದಾಟಿ ಮುಂದೆ ಹೋಗುತ್ತವೆ. ಆಕೆ ಫೋನು ಮಾಡಿ ಕೇಳಿದಾಗ, ನಾನು ಮಾತಾಡಿ ಸರಿಮಾಡುತ್ತೇನೆ ಎಂದೆ. ಕಂಪನಿಯವರು ಹಾಸನದಲ್ಲಿ ಮೀಟಿಂಗ್ ಕರೆದಿದ್ದರು, ಡೀಲರುಗಳಿಗೂ ನನ್ನಂಥ ಮೆಕ್ಯಾನಿಕ್ಕುಗಳಿಗೂ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ.

ಹೋಟೆಲಿನ ಮಹಡಿಯ ಮೇಲೆ ಎ.ಸಿ. ಹಾಕಿದ ಮೀಟಿಂಗ್ ಹಾಲ್. ಕತ್ತಿಗೆ ಕಂಪನಿಯ ಗುರುತಿನ ಪಟ್ಟಿ ಹಾಕಿಕೊಂಡ ಒಬ್ಬ ಹುಡುಗ ವಯಸ್ಸಿನ ಎಂಜಿನಿಯರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದ. ರೊಟ್ಟಿಯನ್ನು ತುಂಡು ಮಾಡಿದ ಹಾಗಿತ್ತು. ಅವರ ಸಾಫ್ಟ್‌ವೇರು ಯಾವ ಯಾವ ಸಿಸ್ಟಮ್ಮಿನಲ್ಲಿ ಎಷ್ಟೆಷ್ಟು ಓಡುತ್ತಿದೆ ಎಂಬುದರ ಲೆಕ್ಕ ಅದು. ಅದನ್ನು ನೋಡಿಕೊಂಡೇ ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನ ಮಾಡಿದ್ದಾಗಿ ಹೇಳಿದ. ದೊಡ್ಡ ತುಂಡು ವಿಂಡೋಸಿನದು. ಒಂದು ಸಣ್ಣ ತುಂಡು ಆ ಕಂಪನಿಯ ಲಿನಕ್ಸಿನದು. ನನ್ನದನ್ನು ನಾನು ಹುಡುಕಿದೆ. ಇತರೆ ಎಂದು ಬರೆದಿದ್ದ ಒಂದು ಗೆರೆ ಇತ್ತು, ದಾರದಷ್ಟು. ನಾನು ಎದ್ದು ನಿಂತು, ನನ್ನ ಸಿಸ್ಟಮ್ಮಿನ ಹೆಸರು ಹೇಳಿ, ಅದು ಎಲ್ಲಿದೆ ಎಂದು ಕೇಳಿದೆ.

ಅವನು ಕೆಟ್ಟವನಲ್ಲ. ಸಮಾಧಾನವಾಗಿಯೇ ಹೇಳಿದ.

"ಅದನ್ನ ಯೂಸ್ ಮಾಡೋರೇ ಇಲ್ವಲ್ಲ ಸರ್."

"ಯಾಕಿಲ್ಲ ಸಾ? ಅರಕಲಗೂಡಿಂದ ಚನ್ನರಾಯಪಟ್ಟಣದ ಗಂಟ ಅದೇ ಓಡ್ತಾ ಇರೋದು. ಆಕಿರೋನೇ ನಾನು."

ಅವನು ಮುಂದಿದ್ದ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿ ನೋಡಿದ. ನೆಟ್ಟಿನಲ್ಲಿ ತಮ್ಮ ಸರ್ವರಿಗೆ ಆ ಸಿಸ್ಟಮ್ಮು ಯಾವುದೂ ಕಾಣಿಸಿಕೊಂಡಿಲ್ಲ ಎಂದ. ಸಹಾಯವಾಣಿಗೆ ಆ ಸಿಸ್ಟಮ್ಮಿನವರು ಒಬ್ಬರೂ ಫೋನು ಮಾಡಿಲ್ಲ ಎಂದ. ಒಂದೇ ಒಂದು ಕಂಪ್ಲೇಂಟೂ ಇಲ್ಲ.

"ಕಂಪ್ಲೇಂಟ್ ಇಲ್ಲ ಅಂದ್ರೆ ಚೆನ್ನಾಗಿ ಓಡ್ತಾ ಅದೆ ಅಂತ ಅಲ್ವಾ ಸಾ?"

"ನಮ್ಮ ಲೆಕ್ಕದಲ್ಲಿ ಅದು ಇಲ್ಲ ಅಂತ ಸರ್."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ಇನ್ನೊಂದು ಲಿನಕ್ಸಿನಿಂದ ವಾರಕ್ಕೆ ಎಷ್ಟೋ ಫೋನು ಬರುತ್ತವಂತೆ. ಅಷ್ಟು ಫೋನು ಬರಬೇಕಾದರೆ ಅದನ್ನು ಬಳಸುವವರು ಅಷ್ಟಿದ್ದಾರೆ ಎಂದು ಅರ್ಥವಂತೆ. ಹೆಚ್ಚು ಕೆಟ್ಟದ್ದು ಉಳಿಯಿತು, ಕೆಡದೇ ಇದ್ದದ್ದು ಹೋಯಿತು. ನಾನು ನಿಂತೇ ಇದ್ದೆ. ಅವನಿಗೆ ಪಾಪ ಅನ್ನಿಸಿರಬೇಕು, ಇನ್ನೊಂದು ಕಾರಣ ಕೊಟ್ಟ. ನಿಮ್ಮದರ ಹಿಂದೆ ಯಾವ ಕಂಪನಿಯೂ ಇಲ್ಲವಲ್ಲ, ನಾಳೆ ಏನಾದರೂ ಆದರೆ ನಾವು ಯಾರನ್ನು ಕೇಳುವುದು ಎಂದ. ನನ್ನನ್ನು ಕೇಳಿ ಎಂದೆ. ಈ ಸಲ ಎಲ್ಲರೂ ನಕ್ಕರು. ತಮಾಷೆಗೆ ಹೇಳಿದೆ ಎಂದುಕೊಂಡರು. ಪಕ್ಕದಲ್ಲಿದ್ದ ಹಾಸನದ ಡೀಲರು ನನ್ನ ತೋಳು ಹಿಡಿದು ಎಳೆದ.

"ಕೂತ್ಕೊಳಣ್ಣ, ಬಿರಿಯಾನಿ ಆರೋಯ್ತದೆ."

ನಾನು ಊಟ ಮಾಡದೆ ಬಂದೆ. ವಾಪಸು ಬರುವಾಗ ಹೊಳೆಯ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನಿಂತೆ. ನೆಟ್ಟಿನ ತೂತಿಗೆ ಅಂಟು ಮೆತ್ತಿದವನು ನಾನು. ಕಂಪನಿಯ ನಂಬರಿನ ಮೇಲೆ ನನ್ನ ನಂಬರು ಅಂಟಿಸಿದವನೂ ನಾನು. ಒಂದು ಫೋನೂ ಹೋಗದ ಹಾಗೆ ನೋಡಿಕೊಂಡವನೂ ನಾನೇ. ಹಾಗಂತ ನಾನು ತಪ್ಪು ಮಾಡಿದೆ ಎಂದು ಇವತ್ತಿಗೂ ಒಪ್ಪುವುದಿಲ್ಲ. ಒಳ್ಳೆಯ ಕೆಲಸ ಎಂದರೆ ಸದ್ದಿಲ್ಲದೆ ನಡೆಯುವುದು ಎಂದು ತಿಳಿದಿದ್ದೆ. ಸದ್ದನ್ನೇ ಎಣಿಸುವವರು ಇರುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ನನ್ನ ಸಿಸ್ಟಮ್ಮಿನ ಮೇಲೆ ಹೊಸ ಸಾಫ್ಟ್‌ವೇರ್ ಹಾಕಿದೆ. ಶುರುವಾಗುತ್ತಿದ್ದ ಹಾಗೇ ನಿಂತಿತು. ಈ ಸಿಸ್ಟಮ್ಮಿಗೆ ಬೆಂಬಲವಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಮುಚ್ಚಿಕೊಂಡಿತು. ನನಗೆ ಬೈಗುಳ ಓದಿ ರೂಢಿಯಲ್ಲವೇ, ಹುಡುಕುತ್ತಾ ಹೋದೆ. ಪ್ರತಿ ಲಿನಕ್ಸಿನೊಳಗೂ ಒಂದು ಸಣ್ಣ ಫೈಲಿರುತ್ತದೆ. ಅದರಲ್ಲಿ ತಾನು ಯಾವ ಬಗೆ ಎಂದು ತನ್ನ ಹೆಸರು ಬರೆದುಕೊಂಡಿರುತ್ತದೆ. ಹೊಸ ಸಾಫ್ಟ್‌ವೇರು ಮೊದಲು ಮಾಡುತ್ತಿದ್ದ ಕೆಲಸವೇ ಅದನ್ನು ತೆರೆದು ಓದುವುದು. ನಾನು ಅಲ್ಲಿದ್ದ ಹೆಸರನ್ನು ಅಳಿಸಿ ಆ ಇನ್ನೊಂದರ ಹೆಸರು ಬರೆದೆ. ಮತ್ತೆ ಶುರುಮಾಡಿದೆ.

ಓಡಿತು. ಕ್ಯಾಮೆರಾ ಫೋಟೋ ತೆಗೆಯಿತು, ಪ್ರಿಂಟರು ಚೌಕದ ಗುರುತು ಹೊಡೆಯಿತು, ಅಂಗಡಿಯಲ್ಲೇ ಜೋಡಿಸಿಕೊಂಡಿದ್ದ ಸಣ್ಣ ತಕ್ಕಡಿಯಿಂದ ತೂಕ ಬಂತು. ಒಂದಕ್ಕೂ ಕೊರತೆ ಇರಲಿಲ್ಲ. ಮಧ್ಯಾಹ್ನದವರೆಗೆ ಓಡಿಸಿ ನೋಡಿದೆ.

ಕೆಲಸ ನಡೆದದ್ದಕ್ಕೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಈ ಸಿಸ್ಟಮ್ಮಿಗೆ ಕೆಲಸ ಬರುತ್ತದೆಯೋ ಇಲ್ಲವೋ ಎಂದು ಅದು ನೋಡಿರಲೇ ಇಲ್ಲ. ಬಾಗಿಲಲ್ಲಿ ಹೆಸರು ಕೇಳಿತ್ತು, ಹೆಸರು ಕೇಳಿ ಹೊರಗೆ ಕಳಿಸಿತ್ತು. ಆ ಪ್ರಶ್ನೆ ನನಗೆ ಹೊಸದಲ್ಲ. ನಾನು ನನ್ನ ಬಾಯಿಂದ ಒಂದು ದಿನವೂ ಕೊಡದ ಉತ್ತರವನ್ನು ಈಗ ನನ್ನ ಕೈಯಾರೆ ಮಿಷಿನ್ನಿನ ಬಾಯಿಗೆ ಹಾಕಿದ್ದೆ.

ಮಾರನೆಯ ದಿನ ಮಲ್ಲಿಪಟ್ಟಣಕ್ಕೆ ಹೋಗಿ ಅಕ್ಕನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಆಕೆ ಒಬ್ಬ ಶುಂಠಿಯವನ ಪಿಕಪ್ ತೂಗಿ ಕಳಿಸಿ, ಕುರ್ಚಿ ನನ್ನ ಕಡೆ ತಿರುಗಿಸಿಕೊಂಡು ಕೇಳಿಸಿಕೊಂಡಳು.

"ನಡೀತದೆ ತಾನೆ? ಮತ್ಯಾಕ್ ಯೋಚ್ನೆ, ಅಂಗೇ ಆಕ್ಬುಡಣ್ಣ."

"ಎಸ್ರು ಸುಳ್ಳಾಯ್ತದಲ್ಲಕ್ಕ."

"ಎಸ್ರಿಗೇನಣ್ಣ, ಯಾವ್ದೋ ಒಂದು ಇದ್ರಾಯ್ತು. ಎಸ್ರು ತಗಂಡು ಯಾರೇನ್ ಮಾಡ್ತಾರೆ?"

ಹೆಸರು ಕೇಳಿದ್ದಕ್ಕೆ ಎಂದೂ ಬಾಗಿಲಲ್ಲಿ ನಿಲ್ಲದವರಿಗೆ ಅದು ಅಷ್ಟೇ ಹಗುರ. ಆದರೆ ಇನ್ನೊಂದು ಮಾತನ್ನು ಹೇಳಲೇಬೇಕಿತ್ತು. ನಾಳೆ ಯಾವನೋ ಒಬ್ಬನ ಲೋಡಿನಲ್ಲಿ ತೂಕದ ತಕರಾರು ಬಂದರೆ ಫ್ಯಾಕ್ಟರಿಯವರು ಕಂಪನಿಯವರನ್ನು ಕರೆಸುತ್ತಾರೆ. ಅವರು ಬಿಚ್ಚಿ ನೋಡಿದರೆ ಒಳಗೆ ಹೆಸರು ತಿದ್ದಿದ್ದು ಕಾಣುತ್ತದೆ. ಹೆಸರು ತಿದ್ದಿದವರು ತೂಕ ತಿದ್ದಿರುವುದಿಲ್ಲವೇ ಎನ್ನುತ್ತಾರೆ. ಆಗ ಕಳ್ಳಿ ಅನ್ನಿಸಿಕೊಳ್ಳುವವರು ನೀವು, ನಾನಲ್ಲ ಎಂದೆ.

ಆಕೆ ಕಿಟಕಿಯ ಆಚೆ ಕಬ್ಬಿಣದ ಹಾಸನ್ನು ಒಮ್ಮೆ ನೋಡಿದಳು. ನಾನು ಏನನ್ನು ಕಾಯುತ್ತಿದ್ದೆನೋ ನನಗೇ ಗೊತ್ತಿಲ್ಲ. ಏನಾದರೂ ಮಾಡಣ್ಣ, ನಿನ್ನದೇ ಇರಲಿ ಎನ್ನುತ್ತಾಳೆ ಎಂದೋ, ಇಷ್ಟು ವರ್ಷ ಚೆನ್ನಾಗಿ ನಡೆಸಿಕೊಟ್ಟೆಯಲ್ಲ ಎನ್ನುತ್ತಾಳೆ ಎಂದೋ.

"ಅಂಗಾದ್ರೆ ಬ್ಯಾಡ ಬುಡಣ್ಣ. ಅವ್ರು ಏನ್ ಯೋಳವ್ರೋ ಅದ್ನೇ ಆಕ್ಬುಡು. ಸುಗ್ಗಿ ಅತ್ರ ಬಂತು."

ಆಕೆ ಹೇಳಿದ್ದರಲ್ಲಿ ತಪ್ಪಿಲ್ಲ. ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅಷ್ಟು ಬೇಗ ಹೇಳುತ್ತಿರಲಿಲ್ಲ, ಅಷ್ಟೇ.

ಬೇರೆಯವನನ್ನು ಕರೆಸಲು ನನ್ನ ಮನಸ್ಸು ಒಪ್ಪಲಿಲ್ಲ. ನಾನೇ ನನ್ನ ಸಿಸ್ಟಮ್ಮನ್ನು ಅಳಿಸಿ, ಡಬ್ಬಿಯ ಮೇಲೆ ಹೆಸರಿದ್ದದ್ದನ್ನು ಹಾಕಿದೆ. ವಿಂಡೋಸ್ ಹಾಕು ಎಂದಿದ್ದರೆ ಹಾಕುತ್ತಿರಲಿಲ್ಲ. ಅಷ್ಟಾದರೂ ಉಳಿಸಿಕೊಂಡೆ ಎಂದು ಸಮಾಧಾನ ಮಾಡಿಕೊಂಡೆ. ಹೊಸದಕ್ಕೆ ನೆಟ್ಟು ಬೇಕೇ ಬೇಕು. ತೂತಿನ ಅಂಟು ಕಲ್ಲಾಗಿತ್ತಲ್ಲ, ಉಳಿ ಹಿಡಿದು ಒಡೆದೆ. ಅದು ಚೂರು ಚೂರಾಗಿ ಮೇಜಿನ ಮೇಲೆ ಬಿತ್ತು, ಅಕ್ಕ ಪೊರಕೆ ತಂದು ಗುಡಿಸಿದಳು. ಹೊಸ ಪರದೆಯನ್ನಾಗಲಿ ಚೀಟಿಯನ್ನಾಗಲಿ ಕನ್ನಡ ಮಾಡಲು ದಾರಿ ಇರಲಿಲ್ಲ. ತಿದ್ದಲಾಗದ ಹಾಗೆ ಕಂಪನಿಯವರು ಎರಡಕ್ಕೂ ಬೀಗ ಹಾಕಿದ್ದರು. ಮೊದಲ ದಿನ ತೂಗಿಸಿದ ರೈತನೊಬ್ಬ ಚೀಟಿ ತಿರುಗಿಸಿ ಮುರುಗಿಸಿ ನೋಡಿ, ಏನಕ್ಕ, ನಮ್ ಜೋಳನೂ ಇಂಗ್ಲಿಷ್ ಮೀಡಿಯಮ್ ಸೇರ್ಕಂತಾ ಎಂದ. ಅಕ್ಕ ನಕ್ಕಳು. ಸುತ್ತ ಇದ್ದವರೂ ನಕ್ಕರು. ಆಮೇಲೆ ಆಕೆ ಪ್ರತಿ ಚೀಟಿಯ ಮೇಲೂ ಮಾಲಿನ ತೂಕದ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕಿ ಕೊಡುವುದನ್ನು ರೂಢಿ ಮಾಡಿಕೊಂಡಳು.

ಮಲ್ಲಿಪಟ್ಟಣ ಕೈತಪ್ಪಿದ ಮೇಲೆ ಮಿಕ್ಕವರನ್ನು ಹಿಡಿದಿಟ್ಟುಕೊಳ್ಳಲು ನನ್ನಲ್ಲಿ ಮಾತಿರಲಿಲ್ಲ. ಒಬ್ಬೊಬ್ಬರದೇ ಬದಲಾಯಿಸಿ ಕೊಟ್ಟೆ. ಕೆಲವರು ಹಾಸನದ ಡೀಲರನ್ನೇ ಕರೆಸಿಕೊಂಡರು.

ಸುಗ್ಗಿಯ ನಡುವೆ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. ಗಾಡಿ ಹಾಸಿನ ಮೇಲೆ ನಿಂತಿದೆ, ತೂಕ ಪರದೆಯ ಮೇಲೆ ಬರುತ್ತಿಲ್ಲ. ಹೋದೆ. ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು. ಹಾಸಿನ ಮೇಲಿದ್ದ ಟ್ರ್ಯಾಕ್ಟರಿನವನು ಇಳಿದು ಬಂದು ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ. ನೋಡಿದ ಕೂಡಲೇ ಗೊತ್ತಾಯಿತು. ನೆಟ್ಟಿನಿಂದ ಏನೋ ಹೊಸದು ತಾನಾಗಿಯೇ ಇಳಿದು ಕೂತಿತ್ತು. ತೂಕದ ವೈರು ಬರುವ ಜಾಗವನ್ನು ಅದು ಬೇರೆ ಹೆಸರಿನಿಂದ ಕರೆಯಲು ಶುರುಮಾಡಿತ್ತು. ನನ್ನ ಕಾಲದಲ್ಲಿ ಒಮ್ಮೆಯೂ ಆಗದ ಕಾಯಿಲೆ.

ನಾನು ಕೀಬೋರ್ಡಿಗೆ ಕೈ ಹಾಕುವ ಮೊದಲು ಮಾನಿಟರಿನ ಮೂಲೆಯ ಹಳದಿ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದೆ. ಬಿಸಿಲಿಗೆ ಒಣಗಿ ಹಪ್ಪಳವಾಗಿತ್ತು, ಚೂರು ಚೂರಾಗಿ ಬಂತು. ಕೆಳಗಿನ ನೀಲಿ ಚೀಟಿ ನಿನ್ನೆ ಅಂಟಿಸಿದ ಹಾಗೆ ಹೊಸದಾಗಿತ್ತು. ಇಷ್ಟು ವರ್ಷ ಅದಕ್ಕೆ ಬಿಸಿಲೂ ತಾಗದ ಹಾಗೆ, ಧೂಳೂ ಕೂರದ ಹಾಗೆ ನೋಡಿಕೊಂಡವನು ನಾನು.

"ಈ ನಂಬರ್ಗೆ ಮಾಡಕ್ಕ."

ಆಕೆ ಅನುಮಾನದಿಂದಲೇ ನನ್ನ ಮುಖ ನೋಡಿ ಫೋನು ಮಾಡಿದಳು. ಕನ್ನಡಕ್ಕೆ ಇಂಥದ್ದು ಒತ್ತಿ ಎಂದಿತು, ಒತ್ತಿದಳು. ಸಂಗೀತ ಬಂತು. ಆ ಹೊತ್ತಿನಲ್ಲಿ ನಾನು ಸುಮ್ಮನೆ ನಿಂತಿರಲಾಗದೆ ಸರಿಮಾಡಲು ಕೂತೆ. ಹೊರಗೆ ಹಾರನ್ ಹೊಡೆಯುತ್ತಿದ್ದರು. ಕೊನೆಗೆ ಒಂದು ಹೆಣ್ಣುಧ್ವನಿ ಬಂತು. ಅಕ್ಕ ಊರಿನ ಹೆಸರು ಹೇಳಿದಳು, ತನ್ನ ಹೆಸರು ಹೇಳಿದಳು. ಆಮೇಲೆ ಕೇಳಿದ ಪ್ರಶ್ನೆ ಅರ್ಥವಾಗದೆ ಫೋನನ್ನು ನನ್ನ ಕಿವಿಗೆ ಹಿಡಿದಳು.

"ಯಾವ ಆಪರೇಟಿಂಗ್ ಸಿಸ್ಟಮ್ ಸರ್ ನಿಮ್ದು?"

ನನ್ನ ಎರಡು ಕೈಯೂ ಕೀಬೋರ್ಡಿನ ಮೇಲಿದ್ದವು. ಆ ಹೆಸರು ಹೇಳಿದೆ. ಸುಳ್ಳೇನಲ್ಲ, ಅದರಲ್ಲಿದ್ದದ್ದು ಅದೇ. ಫೋನಿನವಳು ಅದನ್ನು ಒತ್ತಿಕೊಳ್ಳುವ ಟಕಟಕ ನನಗೆ ಕೇಳಿಸಿತು. ಕಂಪ್ಲೇಂಟ್ ಬರೆದುಕೊಂಡಿದ್ದೇವೆ, ನಮ್ಮ ತಂಡದವರು ನೋಡುತ್ತಾರೆ ಎಂದಳು. ಇಷ್ಟು ವರ್ಷಗಳಲ್ಲಿ ಆ ಕಂಪನಿಯವರ ಸಹಾಯವಾಣಿಯ ಲೆಕ್ಕದೊಳಗೆ ನನ್ನ ಕೆಲಸ ಹೋಗಿ ಕೂತದ್ದು ಅದೇ ಮೊದಲು. ಕೂತದ್ದು ಆ ರೊಟ್ಟಿಯ ಚಿತ್ರದಲ್ಲಿ ಇನ್ನೊಂದು ಲಿನಕ್ಸಿನ ತುಂಡಿನಲ್ಲಿ.

ಫೋನು ಇಡುವ ಹೊತ್ತಿಗೆ ನಾನು ವೈರಿನ ಜಾಗದ ಹೆಸರು ತಿದ್ದಿ ಮುಗಿಸಿದ್ದೆ. ತೂಕ ಪರದೆಯ ಮೇಲೆ ಬಂತು. ಪ್ರಿಂಟರು ಕಿರುಗುಟ್ಟಿ ಚೀಟಿ ಹೊಡೆಯಿತು. ಬಾಗಿಲಿಗೆ ಒರಗಿದ್ದ ಟ್ರ್ಯಾಕ್ಟರಿನವನು ಚೀಟಿ ತೆಗೆದುಕೊಂಡು, ಹಿಂದಿನ ಗಾಡಿಯವನಿಗೆ ಕೂಗಿ ಹೇಳಿದ.

"ಬಾರ್ಲಾ, ಸರಿ ಓಯ್ತು. ಕಂಪ್ನಿಯೋರು ಅಂದ್ರೆ ಕಂಪ್ನಿಯೋರೇ ಕಣ್ಲಾ. ಪೋನ್ ಮಾಡ್ತಿದ್ದಂಗೇ ಅಲ್ಲಿಂದ್ಲೇ ರೆಡಿ ಮಾಡ್ಬುಟ್ರು."

ಅಕ್ಕ ನನ್ನ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಮುಂದಿನ ಗಾಡಿ ಹಾಸಿನ ಮೇಲೆ ಹತ್ತಿತು, ಆಕೆ ಪರದೆಯ ಕಡೆ ತಿರುಗಿಕೊಂಡಳು. ನಾನು ಅವನನ್ನು ತಿದ್ದಲು ಹೋಗಲಿಲ್ಲ. ಉಗುರಿನ ಸಂದಿಯಲ್ಲಿ ಹಳದಿ ಚೂರುಗಳು ಸಿಕ್ಕಿಕೊಂಡಿದ್ದವು. ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆದೆ. ಮೋಟಾರ್ ಸೈಕಲ್ ಹತ್ತುವಾಗ ಆಕೆ ಕಿಟಕಿಯಿಂದ, ಟೀ ತರುಸ್ತೀನಿ ಕುಡ್ಕೊಂಡೋಗಣ್ಣ ಎಂದು ಕೂಗಿದಳು. ಇನ್ನೊಂದು ಕಡೆ ಕೆಲಸ ಇದೆ ಎಂದೆ. ಇರಲಿಲ್ಲ.